ಎಲೆ ಉದುರುವ ತನಕ ಕಾದೆ: ಮಾವಿನ ತೋಪಿನಲ್ಲಿ ರೇಡಿಯೋ ಸಂಕೇತ ಅಳೆದ ಹನ್ನೊಂದು ತಿಂಗಳು

ಕಳೆದ ವಾರ ಕಲಬುರಗಿಯಲ್ಲಿ ನನ್ನ ಎಂ.ಟೆಕ್. ಪ್ರಾಜೆಕ್ಟಿನ ವೈವಾ ಮುಗಿಯಿತು. ಗಿಡಮರಗಳ ನಡುವೆ ಹಾಯುವ ರೇಡಿಯೋ ಸಂಕೇತ ಎಷ್ಟು ಕುಗ್ಗುತ್ತದೆ, ಎಲೆ ಕೊಂಬೆಗಳಿಗೆ ಬಡಿದು ಹೇಗೆ ಚದುರುತ್ತದೆ, ಅದನ್ನು ಸೂತ್ರದಲ್ಲಿ ಹಿಡಿಯುವುದು ಹೇಗೆ ಎಂಬುದು ನನ್ನ ವಿಷಯ. ಆರು ತಿಂಗಳಲ್ಲಿ ಮುಗಿದೀತು ಅಂದುಕೊಂಡಿದ್ದೆ, ಹನ್ನೊಂದು ತಿಂಗಳು ಹಿಡಿಯಿತು. ಗಣಿತ ಕಷ್ಟವಾಗಿ ತಡವಾದದ್ದು ಸ್ವಲ್ಪ ದಿನ ಮಾತ್ರ. ಉಳಿದದ್ದೆಲ್ಲ ಗಿಡಗಳ ಪಂಚಾಂಗ ನನಗೆ ತಿಳಿಯದೆ ಹೋದದ್ದರಿಂದ. ಇಂಗ್ಲಿಷ್ ಪೇಪರುಗಳಲ್ಲಿ ಸೂತ್ರ, ಗ್ರಾಫು ಎಲ್ಲ ಸಿಗುತ್ತವೆ. ಆದರೆ ತೋಪು ಗುತ್ತಿಗೆಗೆ ಹೋದ ಮೇಲೆ ಕಾವಲುಗಾರ ಒಳಗೆ ಬಿಡುವುದಿಲ್ಲ, ಬೇವು ಬೋಳಾಗಿ ನಿಲ್ಲುವುದು ಕೆಲವೇ ದಿನ ಎಂಬಂಥ ಮಾತು ಅಲ್ಲಿ ಇರುವುದಿಲ್ಲ. ಈ ವರ್ಷ ಇದೇ ವಿಷಯ ಹಿಡಿಯುವವರಿಗಾಗಿ ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವನ ಮನೆ. ಮನೆಗೂ ತೊಗರಿ ಹೊಲಕ್ಕೂ ನಡುವೆ ಅಜ್ಜನ ಕಾಲದ ಮಾವಿನ ತೋಪು. ಹೊಲದ ಬೋರಿನ ಮೋಟಾರಿಗೆ ಮಾಮಾ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದರು. ತೋಪಿನ ಆಚೆ ಟವರಿನ ಸಿಗ್ನಲ್ ಮೊದಲೇ ಕಡಿಮೆ. ಗಿಡ ದಟ್ಟವಾದಂತೆ ಸ್ಟಾರ್ಟರು ಒಮ್ಮೆ ಹತ್ತಿದರೆ ನಾಲ್ಕು ಸಲ ಹತ್ತುತ್ತಿರಲಿಲ್ಲ. ರಾತ್ರಿ ಪಾಳಿಯ ಕರೆಂಟು ಬಂದಾಗ ಮಾಮಾ ಬ್ಯಾಟರಿ ಹಿಡಿದು ಹಾವು ಚೇಳಿನ ಭಯದಲ್ಲಿ ತೋಪು ದಾಟಬೇಕಿತ್ತು. ಕಳೆದ ವರ್ಷ ಗಣಪತಿ ಹಬ್ಬಕ್ಕೆ ಹೋದಾಗ ಅವರು ನನ್ನನ್ನು ಕೇಳಿದರು: "ಗಿಡದಾಗಿಂದ ಗಾಳಿ ಹಾಯ್ತದ, ಬಿಸಿಲು ಹಾಯ್ತದ, ಈ ಸಿಗ್ನಲ್ ಯಾಕ ಹಾಯಂಗಿಲ್ಲವ್ವಾ?" ಎಲೆಕ್ಟ್ರಾನಿಕ್ಸ್ ಓದಿದವಳಾಗಿಯೂ ಸರಿಯಾದ ಉತ್ತರ ಕೊಡಲು ನನಗೆ ಬರಲಿಲ್ಲ. ಊರಿಗೆ ವಾಪಸಾಗಿ ಗೈಡ್ ಸರ್ ಹತ್ತಿರ ಇದನ್ನೇ ವಿಷಯವಾಗಿ ತೆಗೆದುಕೊಳ್ಳುತ್ತೇನೆ ಅಂದೆ.

ಈಗ ಮಾಮಾಗೆ ಉತ್ತರ ಹೇಳಬಲ್ಲೆ. ಎಲೆಯ ತುಂಬ ನೀರು. ರೇಡಿಯೋ ತರಂಗ ಹಾಯುವಾಗ ನೀರಿನ ಅಣುಗಳು ಅದರ ವಿದ್ಯುತ್ ಕ್ಷೇತ್ರಕ್ಕೆ ಜೋರಾಗಿ ಸ್ಪಂದಿಸುತ್ತವೆ. ಶಕ್ತಿಯ ಒಂದು ಪಾಲು ಶಾಖವಾಗಿ ಎಲೆಯಲ್ಲೇ ಉಳಿಯುತ್ತದೆ, ಇನ್ನೊಂದು ಪಾಲು ಎಲ್ಲ ದಿಕ್ಕಿಗೂ ಚದುರುತ್ತದೆ. ಕೊಂಬೆ, ಬೊಡ್ಡೆಗಳದ್ದೂ ಇದೇ ಕಥೆ. ಯಾವುದು ಹೆಚ್ಚು ತಡೆಯುತ್ತದೆ ಎಂಬುದು ತರಂಗಾಂತರದ ಮೇಲೆ ಹೋಗುತ್ತದೆ. ನಾನು ಬಳಸಿದ 866 ಮೆಗಾಹರ್ಟ್ಸ್‌ನ ತರಂಗಾಂತರ ಸುಮಾರು 34.6 ಸೆಂಟಿಮೀಟರ್. ಹುಣಸೆಯ ಸಣ್ಣ ಎಲೆ ಅದರ ಮುಂದೆ ಏನೂ ಅಲ್ಲ. ಅಲ್ಲಿ ತರಂಗಕ್ಕೆ ಎದುರಾಗುವುದು ಹೆಚ್ಚಾಗಿ ಕೊಂಬೆ ಮತ್ತು ಬೊಡ್ಡೆ. ತೇಗದ ಎಲೆ ಹಾಗಲ್ಲ, ಅದರ ಉದ್ದ ತರಂಗಾಂತರಕ್ಕೆ ಸಮ, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಈ ಆವರ್ತನ ಆಯ್ದುಕೊಳ್ಳಲು ಕಾರಣವಿದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲೇ ಲೈಸೆನ್ಸ್ ಬೇಕಿಲ್ಲದ ಬಳಕೆಗೆ ಬಿಟ್ಟಿದ್ದಾರೆ. ಕಳಿಸುವ ಶಕ್ತಿ 1 ವ್ಯಾಟ್ ಒಳಗೆ, ಆಂಟೆನಾ ಸೇರಿ 4 ವ್ಯಾಟ್ ಒಳಗೆ ಇರಬೇಕು. ನನ್ನ ರೇಡಿಯೋ ಮಾಡ್ಯೂಲ್ ಅದಕ್ಕಿಂತ ಎಷ್ಟೋ ಕಡಿಮೆ ಶಕ್ತಿಯದು. ಬೇರೆ ಆವರ್ತನ ಹಿಡಿದರೆ ಪರವಾನಗಿ ಪ್ರಶ್ನೆ ಮೊದಲು ಬಗೆಹರಿಸಿಕೊಳ್ಳಿ, ಇಲ್ಲದಿದ್ದರೆ ಸಿನಾಪ್ಸಿಸ್ (ಪ್ರಾಜೆಕ್ಟಿನ ಮೊದಲ ರೂಪರೇಖೆ) ಹಂತದಲ್ಲೇ ಕೂತುಬಿಡುತ್ತೀರಿ.

ಸಿನಾಪ್ಸಿಸ್ ಒಪ್ಪಿಗೆಗೆ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಮೊದಲ ಅಡ್ಡಿ. ಪ್ರಯೋಗಾಲಯದ ಸ್ಪೆಕ್ಟ್ರಮ್ ಅನಲೈಸರ್ (ಸಂಕೇತದ ಬಲ ಅಳೆಯುವ ಯಂತ್ರ) ಕಟ್ಟಡದಿಂದ ಹೊರಗೆ ಹೋಗುವಂತಿಲ್ಲ ಅಂದರು. ಬೆಲೆಬಾಳುವ ಯಂತ್ರ, ಅವರ ಕಾಳಜಿ ನನಗೂ ಅರ್ಥವಾಯಿತು, ಆದರೂ ಆ ಸಂಜೆ ಅಳು ಬಂದಿತ್ತು. ಗೈಡ್ ಸರ್ ದಾರಿ ತೋರಿಸಿದರು. ಹೊಲಕ್ಕೆ ಲೋರಾ ಮಾಡ್ಯೂಲ್ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಸಂಕೇತ ಕಳಿಸುವ ಸಣ್ಣ ರೇಡಿಯೋ ಬೋರ್ಡು) ಒಯ್ಯಿರಿ, ಅನಲೈಸರ್ ಇಟ್ಟು ಇಲ್ಲೇ ಅವನ್ನು ಅದರ ಅಳತೆಗೆ ಹೋಲಿಸಿ ಕ್ಯಾಲಿಬ್ರೇಟ್ ಮಾಡಿಕೊಳ್ಳಿ. ಮೂರು ಬೋರ್ಡು, ಎರಡು ಆಂಟೆನಾ, ಕೊರಿಯರ್ ಸೇರಿ ಆರು ಸಾವಿರದ ಚಿಲ್ಲರೆ ಆಯಿತು. ಮೂರರಲ್ಲಿ ಒಂದನ್ನು ಎರಡನೇ ದಿನವೇ ಕಳೆದುಕೊಂಡೆ, ಆಂಟೆನಾ ತಿರುಗಿಸಿ ಕೂಡಿಸುವ ಮೊದಲೇ ಕರೆಂಟು ಕೊಟ್ಟುಬಿಟ್ಟಿದ್ದೆ. ಹೊರಹೋಗಲು ದಾರಿಯಿಲ್ಲದ ಶಕ್ತಿ ವಾಪಸು ಬಂದು ಚಿಪ್ಪಿನ ಆಂಪ್ಲಿಫೈಯರನ್ನು ಸುಡುತ್ತದೆ. ಆಂಟೆನಾ ಮೊದಲು, ಕರೆಂಟು ಆಮೇಲೆ: ಇದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದು ಅಂಟಿಸಿಕೊಳ್ಳಿ.

ಕ್ಯಾಲಿಬ್ರೇಶನ್ ಬಿಡಬೇಡಿ. ಎರಡು ಬೋರ್ಡುಗಳನ್ನು ಕೇಬಲ್ ಮತ್ತು ಅಟೆನ್ಯುಯೇಟರ್ (ಸಂಕೇತವನ್ನು ಗೊತ್ತಾದಷ್ಟು ಕುಗ್ಗಿಸುವ ಬಿಡಿಭಾಗ) ಮೂಲಕ ಜೋಡಿಸಿದಾಗ ಒಂದೇ ಸಂಕೇತಕ್ಕೆ ಅವು ಬೇರೆ ಬೇರೆ ಆರ್‌ಎಸ್‌ಎಸ್‌ಐ (ಬಂದು ಮುಟ್ಟಿದ ಸಂಕೇತದ ಬಲದ ಅಂಕಿ) ಹೇಳುತ್ತಿದ್ದವು. ಇನ್ನೊಂದು ಸೂಕ್ಷ್ಮ: ಸಂಕೇತ ಸುತ್ತಲಿನ ರೇಡಿಯೋ ಗದ್ದಲದ ಮಟ್ಟಕ್ಕಿಂತ ಕೆಳಗಿದ್ದರೂ ಲೋರಾ ಅದನ್ನು ಓದಿಕೊಳ್ಳುತ್ತದೆ. ಆಗ ಆರ್‌ಎಸ್‌ಎಸ್‌ಐ ಅಂತ ತೋರುವುದು ಬಹುಪಾಲು ಗದ್ದಲದ ಮಟ್ಟವೇ. ನನ್ನ ಚಿಪ್ಪಿನಲ್ಲಿ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಂಕೇತದ ಬಲ) ಸೊನ್ನೆಗಿಂತ ಕೆಳಗಿದ್ದರೆ ಅದನ್ನು ಆರ್‌ಎಸ್‌ಎಸ್‌ಐಗೆ ಕೂಡಿಸಿದಾಗ ಮಾತ್ರ ನಿಜವಾದ ಬಲ ಸಿಗುತ್ತದೆ. ಇದು ಡೇಟಾಶೀಟಿನಲ್ಲಿದೆ. ನಾನು ಓದಿದ್ದು ಡಿಸೆಂಬರಿನಲ್ಲಿ, ಅದಕ್ಕೂ ಮೊದಲಿನ ದೂರದ ಬಿಂದುಗಳನ್ನೆಲ್ಲ ಮತ್ತೆ ಲೆಕ್ಕ ಹಾಕಬೇಕಾಯಿತು.

ಜಾಗದ ವಿಷಯಕ್ಕೆ ಬರುತ್ತೇನೆ. ನನ್ನ ಮೊದಲ ಆಸೆ ಚಿಂಚೋಳಿ ವನ್ಯಜೀವಿ ಧಾಮ. ಒಣ ಎಲೆಯುದುರುವ ಕಾಡು, ಚಂದ್ರಂಪಳ್ಳಿ ಕೆರೆಯ ದಂಡೆ, ಕಲಬುರಗಿಯಿಂದ ಹೋಗಿ ಬರಬಹುದು. ಆದರೆ ಧಾಮದೊಳಗೆ ಸಂಶೋಧನೆಗೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಬೇಕು, ಅಂದರೆ ಕಾಗದ ಬೆಂಗಳೂರಿಗೆ ಹೋಗಬೇಕು. ನಾನು ಇದನ್ನು ತಿಳಿದುಕೊಂಡದ್ದು ಅಕ್ಟೋಬರಿನಲ್ಲಿ. ನನಗೆ ಬೋಳು ಗಿಡ ಬೇಕಾದದ್ದು ಬೇಸಿಗೆಯಲ್ಲಿ, ಕಾಡಿಗೆ ಬೆಂಕಿ ಬೀಳುವ ಕಾಲವೂ ಅದೇ. ಆಗ ಹೊರಗಿನವರನ್ನು ಒಳಗೆ ಬಿಡಲು ಯಾರಿಗೂ ಮನಸ್ಸಿರುವುದಿಲ್ಲ. ಧಾಮದಲ್ಲೇ ಮಾಡಬೇಕೆಂದರೆ ಕನಿಷ್ಠ ಒಂದು ವರ್ಷ ಮೊದಲು ಅರ್ಜಿ ಹಾಕಿ. ನಾನು ಮಾಮಾನ ತೋಪು, ಪಕ್ಕದ ಹೊಲದ ಕಾಕಾ ಬೆಳೆಸಿದ ತೇಗದ ಸಾಲುಗಳು, ಹಳ್ಳದ ದಂಡೆಯ ಬೇವಿನ ಗುಂಪು, ಈ ಮೂರು ಜಾಗ ಗೊತ್ತುಮಾಡಿಕೊಂಡೆ. ಬೀದರ್ ಪಟ್ಟಣದ ಹತ್ತಿರ ಒಳ್ಳೆಯ ನೆಡುತೋಪುಗಳಿವೆ. ಆದರೆ ಅಲ್ಲಿ ವಾಯುಪಡೆಯ ನೆಲೆ ಇದೆ, ಆಂಟೆನಾ ಕಂಬ ಹಿಡಿದು ಆ ಸುತ್ತ ಓಡಾಡುವುದು ಬೇಡ ಅಂತ ಸರ್ ಮೊದಲೇ ಹೇಳಿದ್ದರು.

ಸ್ವಂತದವರ ಹೊಲವಾದರೂ ಕಾಗದ ಮಾಡಿಕೊಳ್ಳಿ. ನನ್ನ ಹತ್ತಿರ ಕಾಲೇಜಿನ ಬೋನಫೈಡ್, ಗೈಡ್ ಸಹಿಯ ಪತ್ರ, ಮಾಮಾ ಮತ್ತು ಕಾಕಾ ಇಬ್ಬರ ಒಪ್ಪಿಗೆ ಪತ್ರ ಇದ್ದವು. ಗ್ರಾಮ ಪಂಚಾಯಿತಿಗೆ ತಿಳಿಸುವ ಪತ್ರ ಮಾತ್ರ ಬೇಕಿಲ್ಲ ಅಂದುಕೊಂಡು ಬಿಟ್ಟಿದ್ದೆ. ಮೊದಲ ದಿನವೇ ಕಂಬ ನೆಟ್ಟಾಗ ಹತ್ತು ಹದಿನೈದು ಜನ ಕೂಡಿದರು. ಒಬ್ಬ ಹಿರಿಯರು ಕೋಲು ಊರಿಕೊಂಡು ಬಂದು, "ಏನವ್ವಾ, ಟವರ್ ಹಾಕ್ಲಾಕ ಬಂದೀರೇನು? ನಮಗ ಕೇಳಬೇಕಿಲ್ಲೇನು?" ಅಂದರು. "ಇಲ್ಲ ಮುತ್ಯಾ, ಗಿಡ ಎಷ್ಟು ಸಿಗ್ನಲ್ ತಿಂತಾವ ಅಂತ ನೋಡ್ಲಾಕ ಬಂದೀನಿ" ಅಂದೆ. ಅವರು ನಂಬಲಿಲ್ಲ. ಮಾಮಾ ಬಂದು ಸಮಾಧಾನ ಮಾಡಬೇಕಾಯಿತು. ಮರುವಾರ ಪಂಚಾಯಿತಿಗೆ ಪತ್ರ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಅದರ ಜೆರಾಕ್ಸನ್ನು ಕಂಬಕ್ಕೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದೆ. ಆಮೇಲೆ ಯಾರೂ ಅಡ್ಡ ಬರಲಿಲ್ಲ. ಎಳ್ಳಮಾಸಿಗೆ ಅದೇ ಮುತ್ಯಾ ತಮ್ಮ ಹೊಲಕ್ಕೆ ಕರೆದು ಭಜ್ಜಿ, ರೊಟ್ಟಿ, ಅಂಬಲಿ ಉಣ್ಣಿಸಿದರು.

ನವೆಂಬರ್ ಎರಡನೇ ವಾರ ಮೊದಲ ಮಾಪನ. ಶಕ್ತಿ ಯೋಜನೆಯಿಂದ ಕಲಬುರಗಿಯಿಂದ ಹುಮನಾಬಾದಿಗೆ ನನ್ನ ಬಸ್ ಚಾರ್ಜು ಉಳಿಯಿತು, ಆದರೆ ಹತ್ತು ಅಡಿ ಪೈಪನ್ನು ಬಸ್ಸಿನೊಳಗೆ ಒಯ್ಯುವಂತಿಲ್ಲ. ಐದೈದು ಅಡಿಯ ಎರಡು ಪಿವಿಸಿ ಪೈಪು ತಂದು ನಡುವೆ ಕಪ್ಲಿಂಗ್ ಹಾಕಿದೆ. ಕಬ್ಬಿಣದ ಪೈಪು ಬೇಡ, ಆಂಟೆನಾ ಪಕ್ಕದಲ್ಲಿ ಲೋಹ ಇದ್ದರೆ ಅದರ ನಡವಳಿಕೆಯೇ ಬದಲಾಗುತ್ತದೆ. ಮೊದಲ ದಿನ ಅರ್ಧ ತಾಸಿಗೊಮ್ಮೆ ಕಳಿಸುವ ಪೆಟ್ಟಿಗೆ ಸತ್ತು ಹೋಗುತ್ತಿತ್ತು. ವೈರು ಬಿಚ್ಚಿ ಕಟ್ಟಿ ಸಾಕಾದ ಮೇಲೆ ತಿಳಿಯಿತು, ದೋಷ ಪವರ್ ಬ್ಯಾಂಕಿನದು. ತೀರ ಕಡಿಮೆ ಕರೆಂಟು ಎಳೆದರೆ ಫೋನು ತೆಗೆದಿದ್ದಾರೆ ಅಂತ ತಿಳಿದು ಅದು ತಾನೇ ಆಫ್ ಆಗುತ್ತದೆ. ಲಿಥಿಯಂ ಸೆಲ್ಲಿಗೆ ಬದಲಾದೆ.

ಅಳೆಯುವ ಕ್ರಮ ಹೀಗೆ. ಒಂದೇ ಎತ್ತರ, ಒಂದೇ ದೂರದಲ್ಲಿ ಮೊದಲು ಬಯಲಲ್ಲಿ ಅಳೆಯಬೇಕು, ಆಮೇಲೆ ಗಿಡಗಳ ನಡುವೆ. ಎರಡರ ಅಂತರವೇ ಗಿಡ ತಿಂದದ್ದು. ಬಯಲಿನ ಬದಲು ನೇರ ಮುಕ್ತ ಆಕಾಶದ ಸೂತ್ರ ಹಾಕಿ ಕಳೆಯುವುದು ಸುಲಭ ಅನಿಸುತ್ತದೆ. 866 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ ಅದು ಸುಮಾರು 71 ಡಿಬಿ (ಡೆಸಿಬೆಲ್, ಸಂಕೇತ ಎಷ್ಟು ಕುಗ್ಗಿತು ಎಂಬುದರ ಅಳತೆ) ಅನ್ನುತ್ತದೆ. ಆದರೆ ನೆಲದಿಂದ ಪ್ರತಿಫಲಿಸಿ ಬರುವ ತರಂಗವೂ ಇರುತ್ತದೆ. 200 ಮೀಟರ್ ಹಾದಿಯ ನಡುವೆ ಸಂಕೇತಕ್ಕೆ ಬೇಕಾಗುವ ಜಾಗ, ಅಂದರೆ ಮೊದಲ ಫ್ರೆನೆಲ್ ವಲಯ, ಸುತ್ತಲೂ ನಾಲ್ಕು ಮೀಟರಿಗೂ ಹೆಚ್ಚು ಹರಡಿರುತ್ತದೆ. ಮೂರು ಮೀಟರ್ ಕಂಬಕ್ಕೆ ನೆಲ ಅಡ್ಡ ಬಂದೇ ಬರುತ್ತದೆ. ಬಯಲಲ್ಲಿ ಅಳೆದರೆ ನೆಲದ ಪ್ರಭಾವ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿ ಕಳೆದುಹೋಗುತ್ತದೆ.

ನಾನು ತಪ್ಪಿದ್ದು ಇಲ್ಲೇ. ನವೆಂಬರಿನಲ್ಲಿ ನಮ್ಮ ಕಡೆ ಬಯಲು ಎಲ್ಲಿದೆ? ಎಲ್ಲಿ ನೋಡಿದರೂ ಆಳೆತ್ತರದ ತೊಗರಿ, ಹೂ ಬಿಟ್ಟು ನಿಂತಿತ್ತು. ಬದುವಿನ ಮೇಲೆ ಕಂಬ ನೆಟ್ಟು ತೊಗರಿಯ ಮೇಲಿಂದ ಅಳೆದು ಅದನ್ನೇ ಬಯಲು ಅಂದುಕೊಂಡೆ. ತೊಗರಿಯೂ ಎಲೆಯೇ, ಅದೂ ಸಂಕೇತ ತಿನ್ನುತ್ತದೆ. ಎರಡು ವಾರದ ಅಂಕಿ ಇಟ್ಟು ನೋಡಿದಾಗ ಕೆಲವು ಕಡೆ ತೋಪಿನೊಳಗಿನ ಸಂಕೇತವೇ ಬಯಲಿಗಿಂತ ಚೆನ್ನಾಗಿತ್ತು. ಸರ್ ಕಾಗದ ನೋಡಿ, "ಇದು ಬಯಲೇನ್ರಿ? ಯಾವ ಹೊಲ?" ಅಂದಾಗ ನನಗೆ ಹೊಳೆಯಿತು. ತೊಗರಿ ರಾಶಿ ಆಗಿ ಹೊಲ ಖಾಲಿಯಾಗುವ ತನಕ, ಅಂದರೆ ಜನವರಿ ಕೊನೆಯ ತನಕ ಕಾದು, ಬಯಲಿನ ಮಾಪನ ಪೂರ್ತಿ ಮತ್ತೆ ಮಾಡಿದೆ. ನಮ್ಮ ಜಿಲ್ಲೆಗಳಲ್ಲಿ ಬಯಲಿನ ಅಂಕಿ ಬೇಕಿದ್ದರೆ ಜೂನ್‌ಗೆ ಮುಂಚೆ ಅಥವಾ ರಾಶಿಯ ನಂತರ, ಬೇರೆ ಹೊತ್ತು ಇಲ್ಲ.

ಒಂದು ಬಿಂದುವಿನಲ್ಲಿ ಒಂದೇ ಸಲ ಓದಿ ಮುಂದೆ ಹೋಗಬೇಡಿ. ಎಲೆ ಕೊಂಬೆಗಳಿಂದ ಚದುರಿ ಬಂದ ತರಂಗಗಳು ಒಂದಕ್ಕೊಂದು ಕೂಡಿ ಅಥವಾ ಕಳೆದು, ಒಂದು ಗೇಣು ಸರಿದರೆ ಓದು ಬದಲಾಗುತ್ತದೆ. ಗಾಳಿ ಬೀಸಿದರೆ ನಿಂತಲ್ಲೇ ಬದಲಾಗುತ್ತದೆ. ಪ್ರತಿ ಬಿಂದುವಿನಲ್ಲಿ ಅರ್ಧ ತರಂಗಾಂತರದಷ್ಟು, ಅಂದರೆ ಸುಮಾರು 17 ಸೆಂಟಿಮೀಟರ್ ಸರಿಸುತ್ತಾ ಹತ್ತು ಕಡೆ, ಒಂದೊಂದು ಕಡೆ ನೂರು ಪ್ಯಾಕೆಟ್ಟಿನಂತೆ (ಪ್ಯಾಕೆಟ್ ಅಂದರೆ ಒಂದು ಸಲ ಕಳಿಸುವ ಸಣ್ಣ ಸಂದೇಶ) ತೆಗೆದು ಮಧ್ಯದ ಬೆಲೆ ಇಟ್ಟುಕೊಂಡೆ. ಕಂಬದ ಎತ್ತರವನ್ನೂ ಬರೆಯಿರಿ. ಬೊಡ್ಡೆಯ ಎತ್ತರದಲ್ಲಿ ಕಂಬವಿದ್ದರೆ ತರಂಗ ಕೊಂಬೆಗಳ ಕೆಳಗಿನಿಂದ ನುಸುಳುತ್ತದೆ, ಮೇಲೆ ಎತ್ತಿದರೆ ನೇರ ಎಲೆಯ ಗುಂಪಿಗೆ ಹೋಗಿ ಬೀಳುತ್ತದೆ. ಎತ್ತರಕ್ಕೆ ಹೋದಂತೆ ಸಿಗ್ನಲ್ ಚೆನ್ನಾಗುತ್ತದೆ ಅಂತ ನಾನು ನಂಬಿದ್ದೆ, ತೋಪಿನಲ್ಲಿ ಕೆಲವು ಸಾಲುಗಳ ನಡುವೆ ಅದು ಉಲ್ಟಾ ಆಯಿತು.

ಡಿಸೆಂಬರಿನ ಒಂದು ರಾತ್ರಿಯ ಬಗ್ಗೆ ಹೇಳಲೇಬೇಕು. ಅಳೆದದ್ದನ್ನು ಸೂತ್ರಗಳ ಜೊತೆ ಇಟ್ಟು ನೋಡುವ ಕೆಲಸ. ವೈಸ್‌ಬರ್ಗರ್ ಸೂತ್ರ ಹೆಚ್ಚು ಬಳಕೆಯಲ್ಲಿದೆ. ಗಿಡಗಳ ಆಳ, ಅಂದರೆ ಸಂಕೇತ ಗಿಡಗಳ ನಡುವೆ ಹಾಯುವ ದೂರ, 14 ಮೀಟರಿನಿಂದ 400 ಮೀಟರಿನವರೆಗೆ ಇದ್ದಾಗ, ಆವರ್ತನದ 0.284 ಘಾತ, ಆಳದ 0.588 ಘಾತ, ಎರಡನ್ನೂ ಗುಣಿಸಿ 1.33ರಿಂದ ಗುಣಿಸಿದರೆ ನಷ್ಟ ಡಿಬಿಯಲ್ಲಿ ಬರುತ್ತದೆ. 14 ಮೀಟರಿಗಿಂತ ಕಡಿಮೆ ಆಳಕ್ಕೆ ಬೇರೆ ಸೂತ್ರ. 866 ಅಂತ ಹಾಕಿ 50 ಮೀಟರಿಗೆ ಲೆಕ್ಕ ಮಾಡಿದೆ. 90 ಡಿಬಿಗೂ ಹೆಚ್ಚು ಬಂತು. ನನ್ನ ಮಾಪನದಲ್ಲಿ ಅದರ ಕಾಲು ಭಾಗವೂ ಇಲ್ಲ. ಮಾಡ್ಯೂಲು ಕೆಟ್ಟಿದೆಯೋ, ಕ್ಯಾಲಿಬ್ರೇಶನ್ ತಪ್ಪಿದೆಯೋ ಅಂತ ನಸುಕಿನ ನಾಲ್ಕರ ತನಕ ಕೂತಿದ್ದೆ. ಇಷ್ಟು ತಿಂಗಳ ಕೆಲಸ ಹಾಳಾಯಿತೆಂದು ಅವ್ವನಿಗೆ ಫೋನ್ ಮಾಡಿ ಅತ್ತೆ. ಮುಂಜಾನೆ ಸರ್ ಒಂದೇ ಮಾತು ಕೇಳಿದರು: "ಯೂನಿಟ್ ನೋಡೀರೇನು?" ವೈಸ್‌ಬರ್ಗರ್ ಸೂತ್ರಕ್ಕೆ ಆವರ್ತನ ಗಿಗಾಹರ್ಟ್ಸ್‌ನಲ್ಲಿ ಕೊಡಬೇಕು, 0.866. ಆಗ ಬರುವುದು 12.7 ಡಿಬಿ. ಹಳೆಯ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಸೂತ್ರಕ್ಕೆ ಮೆಗಾಹರ್ಟ್ಸ್‌ನಲ್ಲೇ ಕೊಡಬೇಕು, ಅದು ಇದೇ 50 ಮೀಟರಿಗೆ 15.9 ಡಿಬಿ ಹೇಳುತ್ತದೆ. ಒಂದಕ್ಕೊಂದು ಅಂಟಿಕೊಂಡೇ ಬರುವ ಈ ಎರಡು ಸೂತ್ರಗಳ ಯೂನಿಟ್ ಬೇರೆ ಬೇರೆ ಎಂಬುದನ್ನು ದಯವಿಟ್ಟು ನೆನಪಿಡಿ.

ಆ ಮೇಲೆ ಕಾಸ್ಟ್ 235 ಎಂಬ ಇನ್ನೊಂದು ಸೂತ್ರ. ಎಲೆ ಇದ್ದಾಗ, ಎಲೆ ಉದುರಿದಾಗ ಎಂದು ಎರಡು ಬೇರೆ ರೂಪ ಇರುವುದರಿಂದ ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ್ದು ಅನಿಸಿತ್ತು. ಅದೇ 50 ಮೀಟರಿಗೆ ಅದರ ಎಲೆ ಇದ್ದಾಗಿನ ರೂಪ 40.6 ಡಿಬಿ ಅಂದಿತು. ಈ ಸಲ ಯೂನಿಟ್ ಸರಿ ಇತ್ತು. ಆ ಸೂತ್ರ ಹುಟ್ಟಿದ್ದೇ 9.6ರಿಂದ 57.6 ಗಿಗಾಹರ್ಟ್ಸ್‌ವರೆಗಿನ ಮಾಪನಗಳಿಂದ, ನನ್ನ ಆವರ್ತನ ಅದರ ಹತ್ತಿರಕ್ಕೂ ಬರುವುದಿಲ್ಲ.

ಫೆಬ್ರುವರಿಯಿಂದ ಕಾಯುವ ಕಾಲ. ಎಲೆ ಇಲ್ಲದ ಗಿಡದ ಅಂಕಿ ಬೇಕು. ಮಾವು ಎಂದೂ ಬೋಳಾಗುವುದಿಲ್ಲ, ಹಾಗಾಗಿ ಬೇವು ಮತ್ತು ತೇಗ. ವಾರಕ್ಕೊಮ್ಮೆ ಮಾಮಾಗೆ ಫೋನ್ ಮಾಡಿ "ಎಲೆ ಉದುರ್ಯಾವೇನು?" ಅಂತ ಕೇಳುತ್ತಿದ್ದೆ. ಕಾಲೇಜಿನಲ್ಲಿ ಉಳಿದವರು ಎರಡನೇ ಪ್ರೆಸೆಂಟೇಶನ್ ಮುಗಿಸಿದ್ದರು, ನನ್ನ ಸ್ಲೈಡಿನಲ್ಲಿ ಇನ್ನೂ ಅರ್ಧ ಕೋಷ್ಟಕ ಖಾಲಿ. ಬೇವಿನ ಗುಂಪಿನಲ್ಲಿ ಎಲ್ಲ ಗಿಡ ಒಮ್ಮೆಗೇ ಬೋಳಾಗಲಿಲ್ಲ. ಒಂದು ಉದುರಿಸುವಷ್ಟರಲ್ಲಿ ಪಕ್ಕದ್ದು ಕೆಂಪಗೆ ಚಿಗುರಿತ್ತು. ನನ್ನ ಇಂಟರ್ನಲ್ ಪರೀಕ್ಷೆ ಮುಗಿಸಿ ಹೋಗುವಷ್ಟರಲ್ಲಿ ಯುಗಾದಿ ಹತ್ತಿರ ಬಂದು ಬೇವು ಹೂ ಬಿಟ್ಟಾಗಿತ್ತು. ಮಾಮಾ ಮೊದಲೇ ಹೇಳಿದ್ದರು, ಬೇವು ಯುಗಾದಿಗೆ ಹೊಸದಾಗಿ ನಿಲ್ಲುತ್ತದೆ ಅಂತ. ಹಬ್ಬದ ಬೇವು ಬೆಲ್ಲ ವರ್ಷವೂ ತಿಂದವಳು ನಾನು, ಆ ಮಾತನ್ನು ನನ್ನ ಟೈಮ್‌ಟೇಬಲ್ಲಿಗೆ ತಂದುಕೊಳ್ಳಲಿಲ್ಲ. ಬೇವಿನಲ್ಲಿ ಅರೆಬರೆ ಬೋಳಿದ್ದಾಗಿನ ನಾಲ್ಕು ಬಿಂದುಗಳಷ್ಟೇ ಸಿಕ್ಕವು. ವರದಿಯಲ್ಲಿ ಹಾಗೇ ಬರೆದೆ.

ತೇಗ ಕೈಬಿಡಲಿಲ್ಲ. ಅದು ಬೋಳಾಗಿ ಮಳೆ ಬರುವ ತನಕ ಹಾಗೇ ನಿಲ್ಲುತ್ತದೆ. ಮಾರ್ಚ್ ಕೊನೆಯಲ್ಲಿ ಒಂದು ವಾರ ಮಾಮಾನ ಮನೆಯಲ್ಲೇ ಉಳಿದು ತೇಗದ ಸಾಲುಗಳನ್ನು ಮುಗಿಸಿದೆ. ಒಣಗಿದ ಎಲೆ ಮೊಣಕಾಲ ತನಕ, ಹೆಜ್ಜೆ ಇಟ್ಟರೆ ಹಪ್ಪಳ ಮುರಿದ ಸದ್ದು. ಬಿಸಿಲು ಹೇಳತೀರದು. ಹತ್ತು ಗಂಟೆಗೆ ನಿಲ್ಲಿಸಿ ಸಂಜೆ ನಾಲ್ಕೂವರೆಗೆ ಮತ್ತೆ ಶುರು ಮಾಡುತ್ತಿದ್ದೆವು. ಕಪ್ಪು ಪೆಟ್ಟಿಗೆ ಬಿಸಿಲಿಗೆ ಮುಟ್ಟಲಾಗದಷ್ಟು ಕಾಯುತ್ತಿತ್ತು, ಬಿಳಿ ಬಟ್ಟೆ ಸುತ್ತಿದೆ. ಬಿಳಿ ಪೆಟ್ಟಿಗೆಯನ್ನೇ ಕೊಳ್ಳಿ.

ಏಪ್ರಿಲಿನಲ್ಲಿ ಮಾವಿನ ತೋಪಿಗೆ ಮರಳಿದರೆ ಬಾಗಿಲಲ್ಲೇ ತಡೆ. ಹೂ ಬಿಟ್ಟಾಗಲೇ ಮಾಮಾ ಫಸಲನ್ನು ಒಬ್ಬ ವ್ಯಾಪಾರಿಗೆ ಗುತ್ತಿಗೆ ಕೊಟ್ಟಿದ್ದರು. ಅವರ ಕಾವಲುಗಾರ ಗುಡಿಸಲು ಹಾಕಿ ಕೂತಿದ್ದ. "ಮೇಡಂ, ಗಿಡ ನಿಮ್ಮ ಮಾಮಾರದು, ಕಾಯಿ ನಮ್ಮ ಸಾವಕಾರಂದು. ಅವರು ಹೂಂ ಅಂದ್ರ ಬರ್ರಿ" ಅಂದ. ಅವನ ಮಾತು ನ್ಯಾಯದ್ದೇ. ಮಾಮಾ ಮುಖಾಂತರ ಸಾವಕಾರರನ್ನು ಮಾತಾಡಿಸಿ ಒಪ್ಪಿಸಲು ಹನ್ನೆರಡು ದಿನ ಹೋಯಿತು. ಕಾವಲುಗಾರ ಜೊತೆಗಿದ್ದರೆ ಮಾತ್ರ, ದಿನಕ್ಕೆ ಎರಡು ತಾಸು. ಆಮೇಲೆ ಅವನೇ ನನ್ನ ದೊಡ್ಡ ಸಹಾಯಕನಾದ. ಮಂಗಗಳು ಆಂಟೆನಾ ಕಿತ್ತುಕೊಂಡು ಹೋದ ದಿನ ಅದನ್ನು ಹುಡುಕಿ ತಂದದ್ದೂ ಅವನೇ. ತೋಪು ಆಯ್ದುಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ: ಫಸಲು ಯಾರದು, ಯಾವ ತಿಂಗಳಿಂದ ಯಾವ ತಿಂಗಳ ತನಕ?

ಜೂನಿನಲ್ಲಿ ಮಳೆ ಹಿಡಿಯಿತು. ತೇಗ ಮತ್ತೆ ಚಿಗುರಿ ಎಲೆ ಅಗಲವಾಗಲು ಜುಲೈ ಮೊದಲ ವಾರ ಆಯಿತು. ಅದೇ ಗೂಟದ ಗುರುತು, ಅದೇ ಎತ್ತರ, ಅದೇ ಬೋರ್ಡು. ಗೂಟಗಳಿಗೆ ಬಣ್ಣ ಹಚ್ಚಿ ಇಟ್ಟಿದ್ದರಿಂದ ಹುಲ್ಲು ಬೆಳೆದರೂ ಸಿಕ್ಕವು. ಬೋಳಿದ್ದಾಗಿನ ಮತ್ತು ಎಲೆ ತುಂಬಿದಾಗಿನ ತೇಗದ ನಡುವೆ ಅಂತರ ಸ್ಪಷ್ಟವಾಗಿ ಕಂಡಿತು. ಬೇವಿನಲ್ಲಿ ಕಂಡ ಅಂತರ ನನ್ನ ಮಾಪನದ ದೋಷದೊಳಗೇ ಮುಳುಗಿಹೋಗುವಷ್ಟು ಸಣ್ಣದು. ಮಳೆ ನಿಂತ ಮರುಗಳಿಗೆ ಎಲೆಯ ಮೇಲೆ ನೀರು ನಿಂತಿರುವಾಗ ಅಳೆದದ್ದು ಎಲ್ಲಕ್ಕಿಂತ ಕೆಟ್ಟ ಓದು. ನೀರು ಸೋರಿ ಎಲೆ ಒಣಗಿದಂತೆ ಸಂಕೇತ ಮೇಲೇರುವುದನ್ನು ಕೊಡೆ ಹಿಡಿದು ಕೂತು ನೋಡಿದೆ. ಇಡೀ ವರ್ಷದಲ್ಲಿ ನನಗೆ ತುಂಬ ಖುಷಿ ಕೊಟ್ಟ ಎರಡು ತಾಸು ಅವು.

ಮಾದರಿ ಕಟ್ಟುವ ಭಾಗವನ್ನು ಬೇಗ ಹೇಳುತ್ತೇನೆ. ಗಿಡಗಳ ಆಳ ಎರಡರಷ್ಟಾದರೆ ನಷ್ಟವೂ ಡಿಬಿಯಲ್ಲಿ ಎರಡರಷ್ಟಾಗುತ್ತದೆ ಅಂತ ಮೊದಲು ಅನಿಸುತ್ತದೆ. ಹಾಗಾಗುವುದಿಲ್ಲ. ವೈಸ್‌ಬರ್ಗರ್ ಪ್ರಕಾರ 50 ಮೀಟರಿಗೆ 12.7 ಇದ್ದದ್ದು 100 ಮೀಟರಿಗೆ ಸುಮಾರು 19 ಡಿಬಿ. ಮೊದಲ ಕೆಲವು ಸಾಲುಗಳಲ್ಲಿ ನೇರ ಬರುವ ತರಂಗ ಭರದಿಂದ ಸಾಯುತ್ತದೆ. ಒಳಗೆ ಹೋದಂತೆ ಉಳಿಯುವುದು ಎಲೆಯಿಂದ ಎಲೆಗೆ ಚದುರಿ ಬಂದ ಪಾಲು, ಅದು ನಿಧಾನ ಕುಗ್ಗುತ್ತದೆ. ಇನ್ನೂ ದೂರಕ್ಕೆ ಹೋದರೆ ಗಿಡಗಳ ನೆತ್ತಿಯ ಗುಂಟ ಸಾಗಿ ಕೆಳಗಿಳಿಯುವ ತರಂಗವೂ ಸೇರುತ್ತದೆ. ಕಾಡಿನಲ್ಲಿ ಹೀಗಾಗುತ್ತದೆ ಎಂದು ಥಿಯೊಡರ್ ತಮೀರ್ 1967ರಲ್ಲೇ ವಿವರಿಸಿದ್ದಾರೆ. ಐಟಿಯುದ ಪಿ.833 ಶಿಫಾರಸಿನಲ್ಲಿ ನಷ್ಟ ಹೀಗೆ ಬಾಗುವುದನ್ನು ಎರಡೇ ಸಂಖ್ಯೆಯಲ್ಲಿ ಹಿಡಿಯುವ ರೂಪವಿದೆ: ಆರಂಭದಲ್ಲಿ ಮೀಟರಿಗೆ ಎಷ್ಟು ಡಿಬಿ, ಕೊನೆಗೆ ಎಷ್ಟಕ್ಕೆ ಹೋಗಿ ನಿಲ್ಲುತ್ತದೆ. ನಾನು ಪೈಥಾನಿನಲ್ಲಿ ಅದನ್ನೇ ಮೂರು ಜಾಗಕ್ಕೂ ಹೊಂದಿಸಿದೆ. ವಿಕಿರಣ ಶಕ್ತಿ ಸಾಗಣೆಯ ಸಿದ್ಧಾಂತ ಇನ್ನೂ ಆಳಕ್ಕೆ ಹೋಗುತ್ತದೆ. ಎಷ್ಟು ಪಾಲು ಮುಂದಕ್ಕೆ ಚದುರುತ್ತದೆ, ಎಷ್ಟು ಅಗಲಕ್ಕೆ, ಎಷ್ಟು ಹೀರಿಕೊಳ್ಳುತ್ತದೆ ಎಂಬುದೆಲ್ಲ ಅದರಲ್ಲಿ ಬೇರೆ ಬೇರೆ. ಆದರೆ ಅದು 1 ಗಿಗಾಹರ್ಟ್ಸ್‌ಗಿಂತ ಮೇಲಿನವರಿಗೆ. ನಾನು ಅದಕ್ಕೆ ಹತ್ತು ದಿನ ಕೊಟ್ಟು ಬಿಟ್ಟೆ, ಕೆಳಗಿನ ಆವರ್ತನದವರು ಆ ಹತ್ತು ದಿನ ಉಳಿಸಿಕೊಳ್ಳಿ.

ವರದಿ, ಬೈಂಡಿಂಗ್, ನೋ ಡ್ಯೂಸ್ ಸಹಿಗಳು ಎಲ್ಲರಿಗೂ ಗೊತ್ತಿರುವವೇ. ಸುಟ್ಟುಹೋದ ಬೋರ್ಡು ಸೇರಿ ನನ್ನ ಒಟ್ಟು ಖರ್ಚು ಹದಿನಾಲ್ಕು ಸಾವಿರದ ಆಸುಪಾಸು. ಅದರಲ್ಲಿ ಹುಮನಾಬಾದಿನಿಂದ ಹಳ್ಳಿಗೆ ಆಟೋದ್ದೇ ಎರಡು ಸಾವಿರದ ಮೇಲೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನೇರ ನನ್ನ ಕೋಷ್ಟಕಕ್ಕೆ ಬಂದರು. ಫಿಟ್ಟು ಆರ್ ಎಂಬ ಸೂತ್ರ 50 ಮೀಟರಿಗೆ 14.5 ಡಿಬಿ ಹೇಳುತ್ತಿದೆ, ನಿಮ್ಮ ಮಾಪನಕ್ಕೆ ಹತ್ತಿರವೇ ಇದೆ, ಹಾಗಾದರೆ ಅದನ್ನೇ ಯಾಕೆ ಬಳಸಲಿಲ್ಲ ಅಂತ ಕೇಳಿದರು. ಅದು 11.2 ಮತ್ತು 20 ಗಿಗಾಹರ್ಟ್ಸ್ ಮಾಪನಗಳಿಂದ ಹೊಂದಿಸಿದ್ದು, ಇಲ್ಲಿ ಹತ್ತಿರ ಬಂದದ್ದು ನನ್ನ ಆವರ್ತನಕ್ಕೆ ಅದು ಸರಿ ಅನ್ನಲು ಸಾಕ್ಷಿಯಾಗುವುದಿಲ್ಲ ಅಂದೆ. ಕಾಸ್ಟ್ 235 ಕಲಿಸಿದ ಪಾಠ ಅಲ್ಲಿ ಕೈಹಿಡಿಯಿತು. ಬೇವಿನ ನಾಲ್ಕು ಬಿಂದುಗಳ ಬಗ್ಗೆಯೂ ಕೇಳಿದರು. ಯುಗಾದಿಯ ವಿಷಯ ಇದ್ದದ್ದು ಇದ್ದಂತೆ ಹೇಳಿದೆ. ಅವರು ತಲೆಯಾಡಿಸಿ ಬರೆದುಕೊಂಡರು.

ವೈವಾ ಮುಗಿದ ಮರುದಿನ ಮಾಮಾನ ಊರಿಗೆ ಹೋದೆ. ತೋಪಿನ ಆಳ ಮನೆಯಿಂದ ಮೋಟಾರಿನ ಹಾದಿಯಲ್ಲಿ ಸುಮಾರು 80 ಮೀಟರ್. ಮನೆಯಿಂದ ಮೋಟಾರಿಗೆ ಹೋಗುವ ಸಂಕೇತ ಅದನ್ನು ಸೀಳಿಕೊಂಡು ಹೋಗುವ ಬದಲು ದನದ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಲೋರಾ ಪೆಟ್ಟಿಗೆ ನಡುವೆ ಇಟ್ಟು, ತೋಪಿನ ಪಕ್ಕದಿಂದ ಬಯಲಿನ ಮೇಲೆ ಎರಡು ಹಾದಿಯಾಗಿ ತಿರುಗಿಸಿದೆವು. ಈಗ ಮಳೆ ಕೈಕೊಟ್ಟು ಹೆಸರು, ಉದ್ದು ಬಾಡುತ್ತಿವೆ, ನೀರು ಬಿಡಲೇಬೇಕು. ನಿನ್ನೆ ರಾತ್ರಿ ಹನ್ನೊಂದಕ್ಕೆ ಮಾಮಾ ಫೋನ್ ಮಾಡಿದರು. "ಹಾಸಿಗ್ಯಾಗ ಕುಂತೇ ಹಚ್ಚೀನವ್ವಾ, ಮೋಟಾರ್ ಹತ್ತ್ಯದ." ಪೆಟ್ಟಿಗೆಯ ಪರದೆ ಮೇಲೆ ಆರ್‌ಎಸ್‌ಎಸ್‌ಐ ಎಷ್ಟು ತೋರಸ್ತದ ಅಂತ ಕೇಳಿದೆ. ಕನ್ನಡಕ ಹಾಕಿಕೊಂಡು ಬಂದು ಓದಿ ಹೇಳಿದರು. ವಹಿಯಲ್ಲಿ ಬರೆದುಕೊಂಡೆ: ತಾರೀಖು, ಹೊತ್ತು, ಗಾಳಿ ಇಲ್ಲ, ಎಲೆ ಒಣ.